ಅಟ್ಟದ ಮೇಲಿನ ಮೂರನೇ ತಂತಿ

ಚಿಕ್ಕಪೇಟೆಯ ಸಾಹುಕಾರ್ ಆದಿನಾರಾಯಣಪ್ಪನವರು ದೊಡ್ಡಬಳ್ಳಾಪುರಕ್ಕೆ ಬಂದಾಗಲೆಲ್ಲ ಮುನಿಕೃಷ್ಣನ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಪಕ್ಕದ ಜಗಲಿಯಲ್ಲಿ ನಿಂತಿರುತ್ತಿದ್ದ ಅವನ ತಮ್ಮ ನಂದಕುಮಾರನ ಕಡೆಗೆ ಒಮ್ಮೆ ತಲೆಯಾಡಿಸುತ್ತಿದ್ದರು, ಅಷ್ಟೇ. ಮದುವೆ ಕಾಲಕ್ಕೆ ಸೀರೆಯ ಒಂದು ಹೊಸ ನಕ್ಷೆ ಆರಿಸಿ, ಇಡೀ ಆರ್ಡರನ್ನು ಒಂದೇ ಮನೆಗೆ ಕೊಡುವುದು ಅವರ ಪದ್ಧತಿ. ಆ ಮನೆ ಎಷ್ಟೋ ವರ್ಷದಿಂದ ಅಣ್ಣನದೇ ಆಗಿತ್ತು. ಈ ಸಲವೂ ಕೈತಪ್ಪಿದರೆ ನಂದಕುಮಾರ ತನ್ನ ಮಗ್ಗಗಳಲ್ಲಿ ಅಣ್ಣನಿಗೇ ಕೂಲಿ ನೇಯಬೇಕು. ಅದಕ್ಕಿಂತ ಮಗ್ಗಗಳನ್ನು ಗುಜರಿಗೆ ಹಾಕುವುದೇ ವಾಸಿ ಎಂದು ಅವನ ಹೊಟ್ಟೆ ಉರಿಯುತ್ತಿತ್ತು.

ಅಣ್ಣನ ಗುಟ್ಟು ಊರಿಗೆಲ್ಲ ಗೊತ್ತಿತ್ತು. ಡಿಪ್ಲೊಮಾ ಓದಿದ್ದ ಅವನ ಮಗಳು ಸ್ನೇಹ ಸೀರೆಯ ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಳು. ಮನೆಯಲ್ಲಿ ಎರಡು ಕಂಪ್ಯೂಟರ್. ಒಂದರಲ್ಲಿ ಅವಳು ಬರೆದದ್ದನ್ನು ಇನ್ನೊಂದರಲ್ಲಿ ಅಪ್ಪ ನೋಡಿ, ಇಲ್ಲಿ ಹೂವು ದಪ್ಪವಾಯಿತು, ಅಲ್ಲಿ ಬಳ್ಳಿ ಸೊರಗಿತು ಎನ್ನುತ್ತಿದ್ದ. ಒಮ್ಮೆ ನಂದಕುಮಾರ ಬಾಯಿಬಿಟ್ಟು ಕೇಳಿಯೂ ಇದ್ದ.

"ಅಣ್ಣಾ, ಒಂದು ಡಿಸೈನ್ ನಂಗೂ ಕೊಡು. ನಾನೇನು ಹೊರಗಿನವನಾ?"

"ಲೇ ನಂದ, ನೀನೂ ಒಂದು ಕಂಪ್ಯೂಟರ್ ತಗೊಳೋ. ಕಾಲ ಬದಲಾಯ್ತು ಕಣೋ," ಎಂದು ಅಣ್ಣ ನಕ್ಕುಬಿಟ್ಟಿದ್ದ.

ತಮ್ಮ ಆ ಮಾತನ್ನು ಶಿರಸಾವಹಿಸಿ ಪಾಲಿಸಿದ. ಬೆಂಗಳೂರಿನಿಂದ ಒಂದು ಹಳೆಯ ಕಂಪ್ಯೂಟರ್ ಹೊತ್ತು ತಂದ. ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಕ್ಲಾಸಿಗೆ ಸೇರಿ, ಪಿಯುಸಿ ಹುಡುಗಿಯರ ನಡುವೆ ಮೀಸೆ ಹೊತ್ತು ಕೂತ. ಹುಡುಗಿಯರು ಕಿಸಕ್ಕೆಂದರೂ ಅಲುಗಲಿಲ್ಲ. ನಕ್ಷೆಯ ಸಾಫ್ಟ್‌ವೇರ್ ಕಲಿತ. ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿ ಫೈಲು ಹಂಚಿಕೊಳ್ಳುವುದನ್ನು ಕಲಿತ. ಕ್ಲಾಸಿನ ಮೇಷ್ಟ್ರು ದಿನಾ ಒಂದೇ ಮಂತ್ರ ಹೇಳುತ್ತಿದ್ದರು: "ಕರೆಂಟು ಯಾರಿಗೂ ಕಾಯಲ್ಲ. ಬರೀತಾ ಬರೀತಾ ಸೇವ್ ಒತ್ತುತಾ ಇರಿ." ಅವರ ಶಿಷ್ಯರಲ್ಲಿ ಅದನ್ನು ಇವನಷ್ಟು ಶ್ರದ್ಧೆಯಿಂದ ಪಾಲಿಸಿದವರು ಇನ್ನೊಬ್ಬರಿಲ್ಲ.

ಮನೆ ಪಾಲಾದಾಗ ನಡುವೆ ಗೋಡೆ ಎದ್ದಿತ್ತು, ಅಟ್ಟ ಮಾತ್ರ ಒಂದೇ ಆಗಿ ಉಳಿದಿತ್ತು. ಅಣ್ಣನ ಕಂಪ್ಯೂಟರುಗಳ ತಂತಿಗಳೆರಡೂ ಬಂದು ಸೇರುವ ಪುಟ್ಟ ಪೆಟ್ಟಿಗೆ, ಮಗ್ಗದ ದೂಳು ಬೀಳದಿರಲೆಂದು, ಆ ಅಟ್ಟದ ಮೇಲೇ ಇತ್ತು. ಅದರಲ್ಲಿ ಖಾಲಿ ತೂತುಗಳಿದ್ದವು. ನಂದಕುಮಾರ ತನ್ನ ಕಂಪ್ಯೂಟರಿನಿಂದ ಮೂರನೇ ತಂತಿ ಎಳೆದು ಒಂದಕ್ಕೆ ಸಿಕ್ಕಿಸಿದ.

"ಇದ್ಯಾಕ್ರೀ ಅಟ್ಟ ಹತ್ತಿದೀರಿ?" ಎಂದಳು ಹೆಂಡತಿ ರುಕ್ಮಿಣಿ ಕೆಳಗಿನಿಂದ.

"ಇಲಿ ಕಣೇ!"

ಅವಳು ಪಾಪ, ಒಂದು ಇಲಿಬೋನನ್ನೇ ಮೇಲಕ್ಕೆ ಕೊಟ್ಟಳು. ಅದನ್ನೂ ಅಲ್ಲೇ ಇಟ್ಟು ಇಳಿದುಬಂದ.

ಮಿಕ್ಕಿದ್ದೆಲ್ಲ ನೀರು ಕುಡಿದಷ್ಟು ಸಲೀಸು. ಹೊಸ ಕಂಪ್ಯೂಟರಿಗೊಂದು ಹೆಸರು ಕೊಡಬೇಕಿತ್ತು. ದಡ್ಡನಾಗಿದ್ದರೆ ತನ್ನ ಹೆಸರನ್ನೇ ಕೊಟ್ಟು ಸಿಕ್ಕಿಬೀಳುತ್ತಿದ್ದ. ಇವನು 'ಪ್ರಿಂಟರ್' ಎಂದು ಕೊಟ್ಟ. ಯಾರಾದರೂ ನೋಡಿದರೂ ಪ್ರಿಂಟರ್ ಮೇಲೆ ಯಾರಿಗೆ ಅನುಮಾನ? ಪಾಸ್‌ವರ್ಡ್ ಕೇಳಿದ್ದಕ್ಕೆ ಕುಲದೇವತೆ ಚೌಡೇಶ್ವರಿಯ ಹೆಸರು ಒತ್ತಿದ. ಆ ಮನೆತನದಲ್ಲಿ ಬೇರೆ ಯಾವ ಹೆಸರು ತಾನೇ ಹೊಳೆಯುತ್ತದೆ? ಅಣ್ಣನ ಮನೆಯ ಬಾಗಿಲು ತೆರೆಯಿತು. ತಾಯಿಯೇ ಒಳಕ್ಕೆ ಬಿಟ್ಟಮೇಲೆ ಇದನ್ನು ಕಳ್ಳತನ ಎನ್ನುವುದು ಹೇಗೆ ಎಂದು ನಂದಕುಮಾರ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ಕದ್ದರೆ ವಸ್ತು ಕಡಿಮೆಯಾಗಬೇಕು. ಇಲ್ಲಿ ಅಣ್ಣನ ನಕ್ಷೆ ಅಣ್ಣನಲ್ಲೇ ಇರುತ್ತದೆ.

ಸ್ನೇಹ ಊಟಕ್ಕೆ ಏಳುವಾಗ ಕಂಪ್ಯೂಟರ್ ಆರಿಸುತ್ತಿರಲಿಲ್ಲ. ಆ ಹೊತ್ತಿಗೆ ಇವನು ತನ್ನದರ ಮುಂದೆ ಕೂತು ಅವಳ ಫೈಲು ತೆರೆದ. ಮದುವೆ ಸೀರೆಯ ನಕ್ಷೆ ಸಿದ್ಧವಾಗಿತ್ತು, ಅದರಂತೆ ಮಗ್ಗಕ್ಕೆ ತೂತಿನ ಕಾರ್ಡು ಹೊಡೆಸುವುದೊಂದೇ ಬಾಕಿ. ಅಂಚಿನ ಉದ್ದಕ್ಕೂ ಹಂಸಗಳು. ನಂದಕುಮಾರನಿಗೆ ನಿಜವಾಗಿ ಕಣ್ಣು ತುಂಬಿಬಂತು, ಅಷ್ಟು ಚೆನ್ನಾಗಿತ್ತು. ಹಾಗೇ ನೇಯುವಷ್ಟು ಮೂರ್ಖ ಅವನಲ್ಲ. ಹಂಸಗಳ ಕೊಕ್ಕು ಬಾಗಿಸಿ, ಕತ್ತು ಮೊಟಕು ಮಾಡಿ ಗಿಳಿ ಮಾಡಿದ. ಸೆರಗಿನ ಮೂಲೆಯಲ್ಲಿ ಮನೆಯ ಗುರುತು ಇಲ್ಲದ ಸೀರೆಯನ್ನು ಸಾಹುಕಾರರು ಮುಟ್ಟುತ್ತಿರಲಿಲ್ಲ, ಬಣ್ಣ ಬಿಟ್ಟರೆ ಯಾರನ್ನು ಬೈಯಬೇಕೆಂದು ಅವರಿಗೆ ತಿಳಿಯಬೇಕು. ಅಣ್ಣನ ಗುರುತಾದ ದೀಪವನ್ನು ಅಳಿಸಿ ತನ್ನ ಮನೆಯ ಲಾಳಿಯನ್ನು ಹಾಕಿದ. ಬಲ್ಬು ಮಂಕಾದಾಗಲೆಲ್ಲ ಕರೆಂಟು ಹೋದೀತೆಂದು ಸೇವ್ ಒತ್ತಿದ. ಕೊನೆಗೆ ಫ್ಲಾಪಿಗೂ ಇಳಿಸಿಕೊಂಡು, ಊರಿನವರ ಕಣ್ಣಿಗೆ ಬೀಳಬಾರದೆಂದು ಬೆಂಗಳೂರಿಗೇ ಹೋಗಿ ಮಗ್ಗದ ಕಾರ್ಡು ಹೊಡೆಸಿ ತಂದ.

ಅಣ್ಣನ ಸೀರೆ ಇನ್ನೂ ಮಗ್ಗದ ಮೇಲಿರುವಾಗಲೇ ಇವನದು ಇಳಿಯಿತು. ಸಾಹುಕಾರರಿಗೆ ಫೋನು ಮಾಡಿ ಬೇಗ ಬರಹೇಳಿದ. ಬಂದವರನ್ನು ಅಣ್ಣನ ಜಗಲಿ ದಾಟಿಸಿ ತನ್ನ ನಡುಮನೆಗೆ ಕರೆತಂದ. ರುಕ್ಮಿಣಿ ಒಬ್ಬಟ್ಟು ಬಡಿಸಿದಳು. ಸೀರೆ ಬಿಚ್ಚಿಕೊಂಡಿತು.

"ಏನಪ್ಪಾ ನಂದಕುಮಾರ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಈ ಕೈನ?" ಎಂದರು ಸಾಹುಕಾರರು. "ಈ ಸಲದ್ದು ನಿಂದೇ. ನಿಮ್ಮಣ್ಣನದೂ ಒಂದ್ಸಲ ನೋಡ್ಬಿಡ್ತೀನಿ, ಮರ್ಯಾದೆಗೆ."

ನಂದಕುಮಾರ ದೊಡ್ಡ ಮನಸ್ಸು ಮಾಡಿ ತಾನೇ ಗೋಡೆಯಾಚೆಗೆ ಕೂಗಿದ. ಮುನಿಕೃಷ್ಣ ಆಗತಾನೇ ಮಗ್ಗದಿಂದ ಕತ್ತರಿಸಿದ ಸೀರೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದ, ಹಿಂದೆ ಸ್ನೇಹ. ಮಗ್ಗದಲ್ಲಿ ಸೀರೆಯ ಮುಖ ಕೆಳಕ್ಕಿರುತ್ತದೆ, ನಕ್ಷೆ ಕಾಣಬೇಕಾದರೆ ಇಳಿಸಿ ಮಗುಚಬೇಕು. ಅವನು ಚಾಪೆಯ ಮೇಲೆ ಹಾಸಿ ಮಗುಚಿದ.

ಅಂಚಿನ ತುಂಬ ಗಿಳಿಗಳು.

ಅಣ್ಣ ಬಗ್ಗಿ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ನಂದಕುಮಾರನ ರಕ್ತ ಕುದಿಯಿತು. ತಾನು ಅಷ್ಟು ಕಷ್ಟಪಟ್ಟು ಬಾಗಿಸಿದ ಕೊಕ್ಕುಗಳು! ಅಷ್ಟು ಪ್ರಾಮಾಣಿಕವಾದ ಸಿಟ್ಟು ಅವನಿಗೆ ಜನ್ಮದಲ್ಲಿ ಬಂದಿರಲಿಲ್ಲ.

"ಕಳ್ಳತನ! ಒಡಹುಟ್ಟಿದವನ ಡಿಸೈನೇ ಕದಿಯೋದಾ? ನೋಡಿ ಸಾಹುಕಾರ್ರೇ, ಸೆರಗು ನೋಡಿ! ನಮ್ಮನೆ ಲಾಳಿ, ಅವನ ಸೀರೇಲಿ! ಇದಕ್ಕಿಂತ ಸಾಕ್ಷಿ ಬೇಕಾ?"

ಸಾಹುಕಾರರು ಸೆರಗು ನೋಡಿ ಮುಖ ಗಂಟಿಕ್ಕಿಕೊಂಡು ಮುನಿಕೃಷ್ಣನ ಕಡೆ ತಿರುಗಿದರು. ಅವನು ಮಗಳನ್ನು ನೋಡಿದ. "ನಾವು ಹಂಸ ಅಲ್ವೇನವ್ವಾ ಬರ್ದಿದ್ದು?" ಎಂದ, ಅಳುವ ದನಿಯಲ್ಲಿ.

ಸ್ನೇಹ ಎರಡು ಸೆರಗುಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಆಮೇಲೆ ಮೆಲ್ಲಗೆ, ಹಿರಿಯರ ಮುಂದೆ ಇಂಥ ಮಾತಾಡಬೇಕಾಯಿತಲ್ಲ ಎಂಬ ಸಂಕೋಚದಲ್ಲಿ, "ಚಿಕ್ಕಪ್ಪಾ, ಅಪ್ಪ ಕದ್ದಿದ್ರೆ ನಿಮ್ಮ ಲಾಳಿ ಅಳಿಸಿ ನಮ್ಮ ದೀಪ ಹಾಕ್ತಿದ್ರು," ಎಂದಳು. "ನಮ್ಮ ಕಂಪ್ಯೂಟರಲ್ಲಿರೋ ಫೈಲನ್ನ ನೀವು ನಿಮ್ಮನೇಲಿ ಕೂತು ತೆಗೆದು ಎಷ್ಟು ಸಲ ಸೇವ್ ಒತ್ತಿದ್ರೂ, ಅದು ನಮ್ಮ ಕಂಪ್ಯೂಟರಲ್ಲೇ ಸೇವ್ ಆಗೋದು."