ಮಾರ್ಚ್ ಹತ್ತೊಂಬತ್ತರ ಸಾಕ್ಷಿ

ಇರ್ಮಾ ಪೆದುತ್ಸಿ ಲಕೋಟೆಯನ್ನು ಮೇಜಿನ ಮೇಲಿಟ್ಟಳು.

"ನನ್ನ ಪರ್ಮಿಟ್ ಕಿತ್ಕೊಳ್ತಾರಂತೆ, ಮೇಡಂ."

ವಾಂಡಾ ಕನ್ನಡಕ ಏರಿಸಿದಳು. ಸ್ವಿಟ್ಜರ್ಲೆಂಡಿನ ಗಡಿಯೂರು ಮೆಂಡ್ರಿಸಿಯೊದ ಕಾರ್ಮಿಕ ಸಂಘದ ಕಚೇರಿಯಲ್ಲಿ ಆಕೆಗೆ ಇದು ಹದಿನೆಂಟನೇ ವರ್ಷ. ಇಟಲಿಯ ಕಡೆಯಿಂದ ದಿನವೂ ಗಡಿ ದಾಟಿ ದುಡಿಯಲು ಬರುವವರ ತೆರಿಗೆ, ವಿಮೆ, ಪಿಂಚಣಿಯ ಗೋಳೆಲ್ಲ ಈ ಮೇಜಿಗೇ ಬರುತ್ತಿತ್ತು. ಅದಕ್ಕೂ ಮೊದಲು ಹನ್ನೆರಡು ವರ್ಷ ಆಕೆ ಶರ್ಟಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿದಿದ್ದಳು.

ಲಕೋಟೆಯಲ್ಲಿ ಎರಡು ಹಾಳೆ. ಒಂದು ಪರ್ಮಿಟ್ ಕಚೇರಿಯ ನೋಟಿಸು. ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ಇನ್ನೊಂದು, ಕಚೇರಿಗೆ ಬಂದ ದೂರಿನ ಪ್ರತಿ. ಟೈಪ್ ಮಾಡಿದ್ದು. ಸಹಿ ಇಲ್ಲ.

'ಇರ್ಮಾ ಪೆದುತ್ಸಿ ಇಟಲಿಯ ಮನೆಗೆ ಹೋಗುವುದೇ ಇಲ್ಲ. ಸ್ವಿಸ್ ನೆಲದಲ್ಲೇ ಕೋಣೆ ಹಿಡಿದಿದ್ದಾಳೆ. ಕ್ರಿಸ್‌ಮಸ್ ಆದಮೇಲೆ ಆ ಮನೆಗೆ ಒಂದು ಗ್ಯಾಸ್ ಸಿಲಿಂಡರ್ ಕೂಡ ಹೋಗಿಲ್ಲ. ಮಾರ್ಚ್ ಹತ್ತೊಂಬತ್ತರ ಬೆಳಿಗ್ಗೆ ಆರಕ್ಕೆ ಮೆಂಡ್ರಿಸಿಯೊದ ಒಂದು ಕಟ್ಟಡದಿಂದ ಕೆಲಸದ ಕೋಟು ತೊಟ್ಟು ಫ್ಯಾಕ್ಟರಿಗೆ ಹೊರಟಿದ್ದನ್ನು ಕಣ್ಣಾರೆ ಕಂಡಿದ್ದೇನೆ.'

"ವಾರಕ್ಕೊಂದು ಸಲವಾದ್ರೂ ನೀವು ಗಡಿಯ ಆಚೆ ನಿಮ್ಮ ಮನೆಗೆ ಹೋಗಲೇಬೇಕು," ಎಂದಳು ವಾಂಡಾ. "ಈ ಪರ್ಮಿಟ್ ನಿಂತಿರೋದೇ ಅದರ ಮೇಲೆ. ಹೋಗ್ತೀರಾ?"

"ದಿನಾ ಹೋಗ್ತೀನಿ."

"ಮಲಗೋದು?"

"ಮನೇಲೇ." ಇರ್ಮಾ ಕಿಟಕಿಯ ಕಡೆ ನೋಡಿದಳು. "ಗಡಿಯಾರದ ಮುಳ್ಳು ಕೂರಿಸ್ತಾ ಮೂವತ್ತೊಂದು ವರ್ಷ ಆಯ್ತು. ಪಿಂಚಣಿಗೆ ಐದೇ ಐದು ವರ್ಷ ಇದೆ. ಈ ವಯಸ್ಸಲ್ಲಿ ನನಗ್ಯಾರು ಕೆಲಸ ಕೊಡ್ತಾರೆ?"

ಮನೆಯಲ್ಲೇ ಮಲಗುವ ಮಾತು ಸುಳ್ಳು. ಕೆಲಸದ ಮಾತು ನಿಜ. ಎರಡನ್ನೂ ಒಂದೇ ದನಿಯಲ್ಲಿ ಹೇಳುವುದನ್ನು ಹೆಂಗಸರು ಎಲ್ಲಿ ಕಲಿಯುತ್ತಾರೆ ಎಂಬುದು ವಾಂಡಾಗೆ ಚೆನ್ನಾಗಿ ಗೊತ್ತಿತ್ತು.

* * *

ಫ್ಯಾಕ್ಟರಿ ಗೇಟಿನ ಬಳಿ ಊಟದ ಹೊತ್ತು. ವಾಂಡಾ ಹೋದಾಗ ತಮಾರಾ ಡಬ್ಬಿ ಬಿಚ್ಚಿ ಕೂತಿದ್ದಳು. ಗಡಿಯಾಚೆ, ಇರ್ಮಾಳ ಊರಿರುವ ಇಂಟೆಲ್ವಿ ಕಣಿವೆಯ ಆರು ಹೆಂಗಸರನ್ನು ಬೆಳಗಿನ ಐದಕ್ಕೆ ವ್ಯಾನಿನಲ್ಲಿ ತುಂಬಿಕೊಂಡು ಬರುವವಳು ಅವಳೇ. ಇರ್ಮಾ ನೌಕರಿ ಬಿಟ್ಟರೆ ಆಕೆಯ ಮೇಲ್ವಿಚಾರಕಿಯ ಹುದ್ದೆಯೂ ತಮಾರಾಗೇ.

"ಜನವರಿಯಿಂದ ಅವಳು ನಮ್ಮ ವ್ಯಾನ್ ಹತ್ತಿಲ್ಲ," ಎಂದಳು ತಮಾರಾ. "ಸ್ವಂತ ಕಾರಲ್ಲಿ ಬರ್ತಾಳಂತೆ. ಆದ್ರೆ ನಮ್ಮ ಗಡಿಯ ಪೊಲೀಸಪ್ಪ ಅವಳ ಮುಖಾನೇ ನೋಡಿಲ್ಲವಂತೆ."

"ನೀನೇ ಬರೆದ್ಯಾ, ಈ ಕಾಗದ?"

ತಮಾರಾ ಚಮಚ ಕೆಳಗಿಟ್ಟಳು. "ನಾನು ಬಯ್ಯೋದಾದ್ರೆ ಎದುರಿಗೇ ಬಯ್ಯೋದು. ವ್ಯಾನಲ್ಲಿ ಕೇಳಿ ನೋಡಿ, ಕಿವಿ ಮುಚ್ಕೊಂಡು ಕೂತಿರ್ತಾರೆ. ಕಾಗದ ಬರೆಯೋಷ್ಟು ಪುರುಸೊತ್ತು ಯಾರಿಗಿದೆ?"

ವಾಂಡಾಗೆ ನಗು ಬಂತು. ಆದರೆ ಅನುಮಾನ ಪೂರ್ತಿ ಹೋಗಲಿಲ್ಲ.

* * *

ಶನಿವಾರ ಆಕೆ ಬೆಟ್ಟ ಹತ್ತಿ ಇರ್ಮಾಳ ಊರಿಗೆ ಹೋದಳು.

ಮನೆಯ ಕಿಟಕಿ ಬಾಗಿಲುಗಳೆಲ್ಲ ಮುಚ್ಚಿದ್ದವು. ಹೊಸ್ತಿಲಲ್ಲಿ ಹೋದ ವರ್ಷದ ಎಲೆ ಕೊಳೆತಿತ್ತು. ಅಡುಗೆಮನೆಯ ಕಿಟಕಿಗೆ ಒಂದು ಮಾರು ದೂರದಲ್ಲಿ ಪಕ್ಕದ ಮನೆಯ ಗೋಡೆ. ಆ ಮನೆಯಲ್ಲಿ ಚೆಸೀರಾ ಇದ್ದಳು. ಇರ್ಮಾಳ ತೀರಿಹೋದ ಗಂಡನ ಅಕ್ಕ. ಎಪ್ಪತ್ತು ದಾಟಿದ ನೆಟ್ಟನೆಯ ಹೆಂಗಸು.

"ಇರ್ಮಾ ಇಲ್ಲಿ ಇರ್ತಾಳಾ?"

"ದೀಪ ಉರೀತಿದ್ರೆ ಇರ್ತಾಳೆ. ಇಲ್ದಿದ್ರೆ ಇಲ್ಲ."

"ಈಗ ಉರಿಯುತ್ತಾ?"

"ಹಗಲಲ್ಲಿ ಯಾರು ದೀಪ ಹಚ್ತಾರೆ?" ಬಾಗಿಲು ಮುಚ್ಚಿತು.

ಊರಿಗೆಲ್ಲ ಒಂದೇ ಅಂಗಡಿ. ಅದೇ ಕಾಫಿ ಹೋಟೆಲು, ಅದೇ ಊಟದ ಮನೆ. ಹೊರಗೆ ಸರಪಳಿ ಬಿಗಿದ ಗ್ಯಾಸ್ ಸಿಲಿಂಡರ್‌ಗಳ ಸಾಲು. ಮಾಲೀಕ ಒಸ್ವಾಲ್ಡೊ ಕಾಫಿ ತಂದಿಟ್ಟು ಎದುರಿಗೇ ಕೂತ.

"ಇರ್ಮಾನಾ? ಅವಳ ಹಾಗೆ ಮೆಕ್ಕೆಜೋಳದ ಪೊಲೆಂಟಾ ಮುದ್ದೆ ತೊಳಸೋ ಕೈ ಈ ಕಣಿವೇಲೇ ಇಲ್ಲ. ಹತ್ತು ವರ್ಷದಿಂದ ಕರೀತಿದ್ದೀನಿ, ನನ್ನ ಅಡುಗೆಮನೆಗೆ ಬಾರಮ್ಮಾ ಅಂತ. ಯಾರು ಬರ್ತಾರೆ? ಒಳ್ಳೇ ಕೈಯೆಲ್ಲ ಆ ಕಡೆ ಇಳಿದು ಹೋಗುತ್ತೆ. ಬೇಸಿಗೇಲಿ ನಾನು, ನನ್ನ ಹೆಂಡತಿ, ಅರವತ್ತು ತಟ್ಟೆ."

ಕಾಫಿ ಚೆನ್ನಾಗಿತ್ತು. ವಾಂಡಾ ಬೇಸರದಿಂದಲೇ ಕುಡಿದಳು. ದೂರಿನ ಅರ್ಧಭಾಗವಂತೂ ನಿಜ. ಈ ಮನೆಯಲ್ಲಿ ಯಾರೂ ಮಲಗುತ್ತಿಲ್ಲ.

* * *

"ಕೈ ತೋರಿಸಿ," ಎಂದಳು ವಾಂಡಾ, ಸೋಮವಾರ ಕಚೇರಿಗೆ ಬಂದ ಇರ್ಮಾಳಿಗೆ. ಲಕೋಟೆ ಇಟ್ಟ ದಿನವೇ ಅವಳ ಅಂಗೈ ಕಣ್ಣಿಗೆ ಬಿದ್ದಿತ್ತು.

ಇರ್ಮಾ ಮುಷ್ಟಿ ಬಿಗಿದಳು. ಆಮೇಲೆ ಮೆಲ್ಲಗೆ ಬಿಡಿಸಿದಳು. ಗಡಿಯಾರದ ಮುಳ್ಳು ಹಿಡಿಯುವ ಬೆರಳ ತುದಿಗಳು ರೇಷ್ಮೆಯಂತಿದ್ದವು. ಬೆರಳ ಬುಡದಲ್ಲಿ ಮಾತ್ರ ಸಾಲಾಗಿ ಜಡ್ಡುಗಟ್ಟಿದ ಗಂಟುಗಳು. ಎರಡು ಅಂಗೈಯಲ್ಲೂ.

"ಇದು ಫ್ಯಾಕ್ಟರಿಯಲ್ಲಿ ಬಂದಿದ್ದಲ್ಲ. ಗುದ್ದಲಿಯೂ ಅಲ್ಲ, ಗುದ್ದಲಿಯಾದ್ರೆ ಎರಡು ಕೈಗೂ ಒಂದೇ ಥರ ಗಂಟು ಬೀಳಲ್ಲ. ಏನಿದು?"

ಇರ್ಮಾ ಕೈ ಹಿಂದಕ್ಕೆ ಎಳೆದುಕೊಂಡಳು. ಕೊನೆಗೆ, "ಸಂಜೆ ನನ್ನ ಜೊತೆ ಬನ್ನಿ," ಎಂದಳು.

ಕಾರು ವ್ಯಾನಿನ ದಾರಿ ಹಿಡಿಯಲಿಲ್ಲ. ಲುಗಾನೊ ದಾಟಿ, ಸರೋವರದ ಅಂಚಿನ ಇನ್ನೊಂದು ಗಡಿಯಿಂದ ಇಟಲಿಗೆ ಹೊಕ್ಕು, ಪೊರ್ಲೆಜ್ಜಾದಲ್ಲಿ ನಿಂತಿತು. ಮೇ ತಿಂಗಳ ಆರು ಗಂಟೆಯ ಬಿಸಿಲು ನೀರಿನ ಮೇಲೆ ಹರಡಿತ್ತು. ದಡದಲ್ಲಿ ಉದ್ದನೆಯ ದೋಣಿ. ಸುತ್ತ ಐದು ಹೆಂಗಸರು, ಯಾರೂ ಐವತ್ತಕ್ಕೆ ಕಡಿಮೆಯವರಲ್ಲ.

"ಇರ್ಮಾ! ಲೇಟು! ಇವತ್ತು ದೋಣಿ ತೊಳೆಯೋದು ನೀನೇ!"

"ಇವರ್ಯಾರು? ಹುಟ್ಟು ಹಾಕೋಕೆ ಹೊಸಬರಾ? ತೋಳು ಪರವಾಗಿಲ್ಲ!"

ಇರ್ಮಾಳ ಮುಖ ಕೆಂಪಾಯಿತು. ದೋಣಿಯ ಕೊಟ್ಟಿಗೆಯ ಮೇಲಿದ್ದ ಕೋಣೆಯನ್ನು ತೋರಿಸಿದಳು. ಒಂದು ಮಂಚ, ಒಂದು ಒಲೆ, ಗೋಡೆಯಗಲದ ಕಿಟಕಿ.

"ಜನವರಿಯಲ್ಲಿ ಬಾಡಿಗೆಗೆ ಹಿಡಿದೆ. ಊರಲ್ಲಿ ಯಾರಿಗೂ ಹೇಳಿಲ್ಲ. ವಿಧವೆ ಗಂಡನ ಮನೆ ಬಿಟ್ಟಳು ಅಂದ್ರೆ ಜನ ಕಾರಣ ಹುಡುಕ್ತಾರೆ. ಚೆಸೀರಾ ಅತ್ತಿಗೆ ಎದೆ ಒಡ್ಕೊಳ್ತಾರೆ."

"ಕಾರಣ ಏನು?"

"ಕಿಟಕಿ," ಎಂದಳು ಇರ್ಮಾ. "ಆ ಮನೇಲಿ ಕಿಟಕಿ ತೆಗೆದ್ರೆ ಗೋಡೆ. ಅವರು ಹೋದ್ಮೇಲೆ ಆರು ವರ್ಷ ಆ ಗೋಡೆ ನೋಡ್ಕೊಂಡೇ ಊಟ ಮಾಡಿದೆ. ಒಂದಿನ ಎದ್ದು ಬಂದ್ಬಿಟ್ಟೆ. ಅಷ್ಟೇ."

ವಾಂಡಾ ಕಿಟಕಿಗೆ ಹೋದಳು. ಇಂಥ ಒಂದು ಕೋಣೆಯನ್ನು ತಾನೂ ಎಷ್ಟು ಸಲ ಮನಸ್ಸಿನಲ್ಲೇ ಬಾಡಿಗೆಗೆ ಹಿಡಿದಿಲ್ಲ!

"ಇದು ಇಟಲಿ ತಾನೇ? ಹಾಗಾದ್ರೆ ನಿಮ್ಮ ತಪ್ಪು ಒಂದೇ, ಹೊಸ ವಿಳಾಸ ತಿಳಿಸದೇ ಇದ್ದದ್ದು. ಅದಕ್ಕೆ ದಂಡ ಬೀಳಬಹುದು. ಪರ್ಮಿಟ್ ಹೋಗಲ್ಲ. ಆದ್ರೆ ಮಾರ್ಚ್ ಹತ್ತೊಂಬತ್ತರ ಈ ಸಾಕ್ಷಿಗೆ ಉತ್ತರ ಬೇಕು. ಆವತ್ತು ಎಲ್ಲಿದ್ರಿ?"

ಇರ್ಮಾ ಗೋಡೆಯ ಮೇಲಿನ ಫೋಟೊ ತೋರಿಸಿದಳು. ದೋಣಿಯಲ್ಲಿ ಆರು ಹೆಂಗಸರು, ಒಬ್ಬಳು ಭಯದಿಂದ ಕಣ್ಣು ಮುಚ್ಚಿದ್ದಾಳೆ. ಕೆಳಗೆ ತಾರೀಖು. "ನಾನು ಮೊದಲ ಸಲ ದೋಣಿ ಹತ್ತಿದ ದಿನ. ಬೆಳಿಗ್ಗೆಯಿಂದ ಇಲ್ಲೇ ಇದ್ದೆ. ಆವತ್ತು ನಮಗೆ—"

ಮಾತು ಮುಗಿಯುವ ಮೊದಲೇ ವಾಂಡಾ ಜೋರಾಗಿ ನಕ್ಕಳು. ಹಣೆ ಚಚ್ಚಿಕೊಂಡಳು. ಆವತ್ತು ತಾನೂ ಕಚೇರಿಗೆ ಬೀಗ ಹಾಕಿ ಮನೆಯಲ್ಲಿದ್ದಳಲ್ಲ!

* * *

ಮುಂದಿನ ಶನಿವಾರ ಮಧ್ಯಾಹ್ನ. ಒಸ್ವಾಲ್ಡೊನ ಅಂಗಡಿ ತುಂಬಿತ್ತು. ತಮಾರಾ ತನ್ನ ವ್ಯಾನಿನ ಹೆಂಗಸರನ್ನೆಲ್ಲ ಕರೆತಂದಿದ್ದಳು. ಮೂಲೆಯಲ್ಲಿ ಚೆಸೀರಾ. ಬಾಗಿಲ ಬಳಿ ಇರ್ಮಾ.

ವಾಂಡಾ ದೂರನ್ನು ಗಟ್ಟಿಯಾಗಿ ಓದಿದಳು. 'ಮಾರ್ಚ್ ಹತ್ತೊಂಬತ್ತರ ಬೆಳಿಗ್ಗೆ ಆರಕ್ಕೆ ಕೆಲಸದ ಕೋಟು ತೊಟ್ಟು ಫ್ಯಾಕ್ಟರಿಗೆ—'

ವ್ಯಾನಿನ ಹೆಂಗಸರು ಗೊಳ್ಳೆಂದು ನಕ್ಕರು. ತಮಾರಾ ಮೇಜು ಬಡಿದಳು. "ಯಾವ ಪುಣ್ಯಾತ್ಮ ಇವನು!"

"ಯಾಕೆ ನಗ್ತೀರಿ?" ಎಂದ ಒಸ್ವಾಲ್ಡೊ.

"ಸಂತ ಜೋಸೆಫರ ಹಬ್ಬ," ಎಂದಳು ವಾಂಡಾ. "ಆ ಕಡೆ ರಜೆ. ಫ್ಯಾಕ್ಟರಿ, ಕಚೇರಿ, ಎಲ್ಲಕ್ಕೂ ಬೀಗ. ಈ ಕಡೆ ಮಾಮೂಲಿ ಕೆಲಸದ ದಿನ. ಗಡಿ ದಾಟಿ ದುಡಿಯೋ ಯಾರೂ ಈ ತಪ್ಪು ಮಾಡಲ್ಲ, ಅವರು ಬದುಕೋದೇ ಆ ಕಡೆಯ ಕ್ಯಾಲೆಂಡರಲ್ಲಿ. ತಮಾರಾ ಮೇಲಿದ್ದ ಅನುಮಾನ ಅಲ್ಲಿಗೆ ಹೋಯ್ತು. ಬರೆದವರು ಆ ಕಡೆ ಒಂದು ದಿನವೂ ದುಡಿದವರಲ್ಲ. ಈಗ ಇಲ್ಲಿ ಇಬ್ಬರು ಮಾತ್ರ ನಗಲಿಲ್ಲ."

ಎಲ್ಲರ ಕಣ್ಣೂ ಚೆಸೀರಾಳ ಕಡೆ ಹೋಯಿತು. ಆಕೆ ಗಲ್ಲ ಎತ್ತಿದಳು.

"ಇವರಲ್ಲ," ಎಂದಳು ವಾಂಡಾ. "ಇವರಾಗಿದ್ರೆ ದೀಪದ ವಿಚಾರ ಬರೀತಿದ್ರು. ನನಗೂ ಮೊದಲು ಹೇಳಿದ್ದು ಅದೇ. ಕಾಗದದಲ್ಲಿ ದೀಪ ಇಲ್ಲ, ಸಿಲಿಂಡರ್ ಇದೆ. ಯಾರ ಮನೆಗೆ ಎಷ್ಟು ಸಿಲಿಂಡರ್ ಹೋಯ್ತು ಅಂತ ಲೆಕ್ಕ ಇಡೋದು, ಅದನ್ನ ಮಾರೋನು. ವ್ಯಾನು ಹೊರಡೋದು ಐದಕ್ಕೆ, ನೀವು ಅಂಗಡಿ ತೆಗೆಯೋದು ಏಳಕ್ಕೆ. ಆವತ್ತು ವ್ಯಾನು ಹೋಗಲೇ ಇಲ್ಲ ಅಂತ ನಿಮಗೆ ಹೇಗೆ ಗೊತ್ತಾಗಬೇಕು, ಒಸ್ವಾಲ್ಡೊ?"

ಒಸ್ವಾಲ್ಡೊ ಕೈಯಲ್ಲಿದ್ದ ಬಟ್ಟೆಯಿಂದ ಒಣಗಿದ ಲೋಟವನ್ನೇ ಒರೆಸುತ್ತ ನಿಂತ. ಅಡುಗೆಮನೆಯಿಂದ ಹೆಂಡತಿ ಇಣುಕಿದಳು.

"ನಿಜವಾಗಲೂ ಆ ಕಡೆ ಇದ್ದಾಳೆ ಅಂದ್ಕೊಂಡಿದ್ದೆ," ಎಂದ. "ಕಣ್ಣಾರೆ ಕಂಡೆ ಅಂದದ್ದು... ಸ್ವಲ್ಪ ಉಪ್ಪು ಖಾರ. ಪರ್ಮಿಟ್ ಹೋದ್ರೆ ನನ್ನ ಅಡುಗೆಮನೆಗೆ ಬರ್ತಾಳೆ ಅಂತ..."

"ಅಯ್ಯೋ ಮುಠ್ಠಾಳ!" ಎಂದಳು ಹೆಂಡತಿ. "ಕೆಲಸ ಕಳೆದು ಅಡುಗೆಗೆ ಕರೆಯೋದಾ? ವಿಷ ಹಾಕಿದ್ರೆ?"

ಅಂಗಡಿಯೇ ಅಲುಗುವಷ್ಟು ನಗು.

"ಸುಳ್ಳು ದೂರು ಅಪರಾಧ," ಎಂದಳು ವಾಂಡಾ. "ಏನ್ ಮಾಡೋಣ ಇರ್ಮಾ?"

ಇರ್ಮಾ ಮುಂದೆ ಬಂದಳು. "ಇನ್ನೊಂದು ಕಾಗದ ಬರೀಲಿ. ಈ ಸಲ ಹೆಸರು ಹಾಕಿ, ಎಲ್ಲರ ಮುಂದೆ."

ಒಸ್ವಾಲ್ಡೊ ಬರೆದ. ಹೆಂಗಸರು ಸಾಲು ಸಾಲಾಗಿ ಹೇಳಿಕೊಟ್ಟರು. ಅರ್ಧ ದಾರಿಯಲ್ಲಿ ಪೆನ್ನು ನಿಂತಿತು. "ಇವಳು ಮಲಗೋದು ಇಟಲಿಯಲ್ಲೇ... ಎಲ್ಲಿ ಅಂತ ಬರೀಲಿ?"

ಇರ್ಮಾ ಮೂಲೆಯ ಕಡೆ ನೋಡಲಿಲ್ಲ.

"ಪೊರ್ಲೆಜ್ಜಾ. ದೋಣಿ ಕೊಟ್ಟಿಗೆ ಮೇಲಿನ ಕೋಣೆ. ನಾನೊಬ್ಬಳೇ ಇರ್ತೀನಿ. ಸಂಜೆ ಹುಟ್ಟು ಹಾಕ್ತೀನಿ."

ಚೆಸೀರಾ ಎದ್ದಳು. ಶಾಲು ಹೊದ್ದಳು. ಹೊರಗೆ ಹೋದಳು.

* * *

ಎರಡು ವಾರದ ನಂತರ ವಾಂಡಾ ಪೊರ್ಲೆಜ್ಜಾದ ದಡದಲ್ಲಿ ದೋಣಿ ಹತ್ತಲು ಹೆದರುತ್ತ ನಿಂತಿದ್ದಾಗ ಬಸ್ಸು ಬಂತು. ಇಳಿದದ್ದು ಚೆಸೀರಾ. ಕೈಯಲ್ಲಿ ಸರ್ಕಾರಿ ಲಕೋಟೆ, ಒಡೆದದ್ದು.

ಇರ್ಮಾ ಹುಟ್ಟು ಹಿಡಿದು ಹಾಗೇ ನಿಂತಳು. "ಅತ್ತಿಗೆ..."

"ಹಳೇ ವಿಳಾಸಕ್ಕೇ ಬಂತು. ಒಡೆದು ಓದಿದೆ. ಪರ್ಮಿಟ್ ಉಳೀತು. ಸಣ್ಣ ದಂಡ, ಕಟ್ಟಿಬಿಡು." ಚೆಸೀರಾ ದೋಣಿ ನೋಡಿದಳು. ಮೇಲಿನ ಕೋಣೆ ನೋಡಿದಳು. ಹುಟ್ಟು ಹಿಡಿದ ಐದೂ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಏನನ್ನೋ ಹುಡುಕುವಂತೆ ಕೊಟ್ಟಿಗೆಯೊಳಗೂ ಇಣುಕಿದಳು.

"ಗಂಡಸರು ಯಾರೂ ಇಲ್ವಾ?"

"ಇಲ್ಲ ಅತ್ತಿಗೆ."

"ಛೆ! ನಾಲ್ಕು ತಿಂಗಳಿಂದ ಊರೋರು ಕೇಳಿದಾಗಲೆಲ್ಲ ಸುಳ್ಳು ಹೇಳಿ ನಿನ್ನ ಕಾಪಾಡಿದೆ," ಎಂದಳು ಚೆಸೀರಾ, ನಿಜಕ್ಕೂ ನೊಂದು. "ಪಾಪ, ಹುಡುಗಿಗೆ ಯಾರೋ ಒಳ್ಳೆಯವನು ಸಿಕ್ಕಿರಬೇಕು ಅಂತ. ಬರೀ ದೋಣಿನಾ?"