ತಿಮ್ಮಿಯ ಗುರುತು

ಹೊಳೆಗೆ ಒಡ್ಡು ಬೇಡವೆಂದವರು ಯಾರು? ವಜ್ರಳ್ಳಿಯ ಚಾವಡಿಯಲ್ಲಿ ತಾಲೂಕಿನ ಮಾಮಲೇದಾರರು ಅರ್ಜಿ ಓದಿ ಮುಗಿಸಿದಾಗ ತಿಮ್ಮಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ‘ಹೊಳೆಯಿಂದ ಬಾಧೆಯಿಲ್ಲ, ಯಾರೂ ಸತ್ತಿಲ್ಲ, ಒಡ್ಡಿಗೆ ಸರ್ಕಾರದ ಹಣ ದಂಡ’ — ಕೆಳಗಿನ ಕೇರಿಯ ಅಷ್ಟೂ ಮಂದಿಯ ಗುರುತು ಅದರಡಿ ಇತ್ತು. ಅವಳದೂ.

“ನಾ ಹಾಕ್ಲಿಲ್ಲ ಒಡೆಯಾ. ಮಳೆ ಬಂದ್ರೆ ಮಕ್ಕಳನ್ನ ಅಟ್ಟಕ್ಕೆ ಹತ್ತಿಸೋರು ನಾವು. ಒಡ್ಡು ಬೇಡ ಅಂತೇವಾ?”

ಹೋದ ಮಳೆಗಾಲ ಹೊಳೆ ಕೇರಿಗೆ ನುಗ್ಗಿದ ದಿನ ಅವಳ ಗಂಡ ಚೌಡ ಕಾಣೆಯಾಗಿದ್ದ. ಮಾರನೇ ದಿನ ಅವನು ಯಾವಳನ್ನೋ ಕಟ್ಟಿಕೊಂಡು ಘಟ್ಟ ಇಳಿದದ್ದನ್ನು ಕಂಡೆನೆಂದು ಪೊಲೀಸ್ ಪಾಟೀಲ ಕೆರಿಯಪ್ಪ ಹೇಳಿದ. ಊರು ನಕ್ಕಿತು. ಊರ ಬಾಯಿಗೆ ಬಾಗಿಲುಂಟೇ? ತಿಮ್ಮಿ ಮಾತ್ರ ಬಳೆ ತೆಗೆಯದೆ ಕಾದಳು.

ಯಲ್ಲಾಪುರದ ಪೊಲೀಸ್ ಜಮಾದಾರ ಖಾಜಾ ಹುಸೇನ್ ಕಾಗದ ತೆಗೆದುಕೊಂಡ.

“ಬರೆದವರು ಯಾರು?”

“ನಾನು ಸಾಹೇಬ್ರೆ,” ಎಂದ ಅರ್ಜಿ ಬರೆಯುವ ಸೋಮ. “ಒಕ್ಕಣೆ, ಎಲ್ಲರ ಹೆಸರು ಬರೆದದ್ದು ನಾನು. ಗುರುತು ಹಾಕಿಸಿ ತಂದವ್ರು ಪಾಟೀಲರು.”

“ಹೌದು, ನನ್ನೆದುರೇ ಹಾಕಿದ್ದು,” ಎಂದ ಕೆರಿಯಪ್ಪ. “ಈಗ ಯಾರೋ ಕಿವಿ ಊದಿದ್ದಾರೆ.”

“ಒಡ್ಡು ಯಾರ ಗದ್ದೆ ಮೇಲೆ ಹಾಯ್ತದೆ?”

“ನಂದು. ಅದಕ್ಕೆಂತ?”

ಜಮಾದಾರ ತಿಮ್ಮಿಯತ್ತ ತಿರುಗಿದ. “ಓದು ಬಾರದ ಹೆಂಗಸರು ಇಲ್ಲಿ ಎಂತ ಗುರುತು ಹಾಕ್ತೀರಿ?”

“ಮುತ್ತೈದೆಯರು ಬಳೆ ಬರೀತೇವೆ. ಗಂಡ ಸತ್ತವ್ರು ಬರೀ ಗೀಟು.”

“ನಿನ್ನ ಹೆಸರಿನೆದುರು ಏನಿದೆ, ನೋಡು.”

ಗೀಟು.

“ನಂದಲ್ಲ ಇದು,” ತಿಮ್ಮಿ ಕೈ ಮುಂದೆ ಚಾಚಿದಳು. “ಬಳೆ ಇದ್ಯಲ್ಲ.”

“ಇದೆ. ಊರಿಗೆಲ್ಲ ಚೌಡ ಬದುಕಿದ್ದಾನೆ,” ಎಂದ ಖಾಜಾ ಹುಸೇನ್. “ಗೀಟು ಎಳೆದವನೊಬ್ಬನಿಗೆ ಮಾತ್ರ ಸತ್ತದ್ದು ಗೊತ್ತು. ಬಾಯಿ ಸುಳ್ಳಾಡಿತು, ಕೈ ನಿಜ ಬರೆಯಿತು. ಪಾಟೀಲರೇ, ಹೆಣ ಎಲ್ಲಿ?”

ಕೆರಿಯಪ್ಪ ರುಮಾಲು ಕಳಚಿ ಕೈಯಲ್ಲಿ ಹಿಡಿದ.

“ಕೊಂದದ್ದು ಹೊಳೆ, ನಾನಲ್ಲ. ನನ್ನ ಬೇಲಿಗೆ ಬಂದು ಸಿಕ್ಕಿತ್ತು. ದಫ್ತರದಲ್ಲಿ ಒಂದು ಸಾವು ಬರೆದ್ರೆ ಒಡ್ಡು ಬರ್ತಿತ್ತು, ನನ್ನ ಗದ್ದೆ ಹೋಗ್ತಿತ್ತು. ಅಲ್ಲೇ ಹೂತೆ.”

ಸತ್ತವನ ತಲೆಗೆ ಹಾದರ ಕಟ್ಟಿದ ಆ ನಾಲಿಗೆಗೆ ಹುಳ ಬೀಳಲಿ!

“ಹಾಗಾದರೆ ಸಾವು ಆಗಿದೆ,” ಎಂದರು ಮಾಮಲೇದಾರರು. “ಇನ್ನು ಮಂಜೂರಿಗೆ ಅಡ್ಡಿಯಿಲ್ಲ.” ಒಡ್ಡು ಬಂದೇ ಬಂತೆಂದು ಕೇರಿಯವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕೇಬಿಟ್ಟರು. ಸೋಮ ಅಲ್ಲೇ ಹೊಸ ಅರ್ಜಿ ಬರೆದ. ಮೊದಲ ಹೆಸರು ತಿಮ್ಮಿಯದು.

ಅವಳು ಲೇಖಣಿ ಹಿಡಿದು ಬಳೆ ಬರೆಯಲು ಕೈ ತಿರುಗಿಸಿದಳು.

“ಸುಳ್ಳು ಗುರುತಿಗೆ ಒಡ್ಡು ಬರೋದಿಲ್ಲಮ್ಮ,” ಎಂದ ಜಮಾದಾರ.

ತಿಮ್ಮಿ ಗೀಟು ಎಳೆದಳು. ಎಳೆಯುವಾಗ ಕೈಬಳೆ ಕಾಗದಕ್ಕೆ ತಾಗಿ ಸದ್ದಾಯಿತು.