ತಪ್ಪು ನನ್ನ ಕೈಯದಲ್ಲ

"ನನ್ನ ಕೈ ಕೊಳಕು ಅಂತ ಬರೆದು ಕಳಿಸಿದವರು ನೀವೇ ತಾನೇ?"

ಮಕ್ಕಳ ವಾರ್ಡಿನ ನರ್ಸ್ ರಿಪೋರ್ಟನ್ನು ಲ್ಯಾಬಿನ ಕಿಟಕಿಯೊಳಗೆ ಎಸೆದಳು. ಮೂಗಿನ ತುದಿಯಲ್ಲೇ ಕೋಪ ಅವಳಿಗೆ. ಆದರೆ ಇವತ್ತು ಯಾರಿಗಾದರೂ ಸಿಟ್ಟು ಬರದೇ ಇರುತ್ತದೆಯೇ, ನೀವೇ ಹೇಳಿ.

ಒಳಗಿದ್ದ ಟೆಕ್ನಿಷಿಯನ್‌ನನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಅವನು ತಲೆ ತಗ್ಗಿಸಿದ.

"ಹಾಗೆ ಬರೆದಿಲ್ಲ ಸಿಸ್ಟರ್. ನೀವು ಕಳಿಸಿದ ಮೂರೂ ಮಕ್ಕಳ ರಕ್ತದಲ್ಲಿ ಒಂದೇ ಕ್ರಿಮಿ ಬೆಳೆದಿದೆ. ರಕ್ತ ತೆಗೆಯುವಾಗ ಹೊರಗಿಂದ ಸೇರಿರಬೇಕು. ಮತ್ತೆ ರಕ್ತ ತೆಗೀಬೇಕು."

"ತೆಗೆದವಳು ನಾನು. ಸೋಪು ಹಚ್ಚಿ ಉಜ್ಜಿ ಉಜ್ಜಿ ಚರ್ಮ ಸುಲಿದಿದೆ, ನೋಡಿ. ಆ ಪುಟ್ಟಿ ಸೂಜಿ ಕಂಡ್ರೆ ಮಂಚದ ಕೆಳಗೆ ಹೋಗಿ ಕೂರ್ತಾಳೆ. ಮತ್ತೆ ಚುಚ್ಚು ಅಂತ ಎಷ್ಟು ಸಲೀಸಾಗಿ ಹೇಳ್ತೀರಿ?"

ಅವನು ರಿಪೋರ್ಟ್ ಎತ್ತಿ ಮಡಚಿಟ್ಟ. 'ಗೋಡೆಗೆ ಹೇಳಿದ್ದರೂ ವಾಸಿಯಿತ್ತು...' ಎಂದುಕೊಳ್ಳುತ್ತ ಅವಳು ದಡದಡನೆ ಮೆಟ್ಟಿಲಿಳಿದಳು.

ವಾರ್ಡಿನಲ್ಲಿ ಹೆಡ್ ನರ್ಸ್ ಕಾಯುತ್ತಿದ್ದರು. ಆಕೆ ಮೌನಿಯ ಸ್ವಂತ ಚಿಕ್ಕಮ್ಮ, ಅವನನ್ನು ಎತ್ತಿ ಆಡಿಸಿ ಬೆಳೆಸಿದವರು.

"ನಿನ್ನ ಕೈಯಿಂದಲೇ ಸೋಂಕು ಹರಡ್ತಿದೆ ಅಂತಾಯ್ತಲ್ಲಮ್ಮ. ಇನ್ನೊಂದು ಸಲ ಹೀಗೇ ಬಂದ್ರೆ ವಾರ್ಡ್ ಬಿಟ್ಟು ಔಷಧಿ ಸ್ಟೋರಿಗೆ ಹೋಗು."

ಮಕ್ಕಳನ್ನು ಬಿಟ್ಟು? ಅವಳಿಗೆ ಅಳು ಬಂತು. ಅಳು ಬಂದಿದ್ದಕ್ಕೇ ಇನ್ನಷ್ಟು ಕೋಪ ಬಂತು.

ಸಂಜೆ ಮೌನಿ ವಾರ್ಡಿಗೆ ಬಂದ. ಸೂಜಿ ಚುಚ್ಚುವ ಮೊದಲು ಮಕ್ಕಳ ತೋಳು ಒರೆಸುವ ಲೋಷನ್ನನ್ನು ಬಾಟಲಿಯಿಂದ ಒಂದಿಷ್ಟು ಸಣ್ಣ ಸೀಸೆಗೆ ಬಗ್ಗಿಸಿಕೊಂಡ.

"ಈ ಬಾಟಲಿ ಖಾಲಿಯಾದ್ಮೇಲೆ ತೊಳೀತೀರಾ?"

"ಖಾಲಿ ಆಗೋಕೆ ಬಿಟ್ರೆ ತಾನೇ? ಅರ್ಧ ಇದ್ದಾಗಲೇ ಮೇಲೆ ಸುರಿದು ತುಂಬಿಸ್ಬೇಕು. ಒಂದು ಹನಿ ದಂಡ ಆಗ್ಬಾರದು ಅಂತ ನಿಮ್ಮ ಚಿಕ್ಕಮ್ಮನ ಆರ್ಡರ್."

ಅವನ ಮುಖ ಬಾಡಿತು. ಸೀಸೆ ಜೇಬಿಗಿಳಿಸಿ ಹೊರಟುಹೋದ. 'ಚಿಕ್ಕಮ್ಮ ಅಂದಕೂಡಲೇ ಬಾಲ ಮುದುರಿದ' ಎಂದು ಅವಳು ಹಲ್ಲು ಕಡಿದಳು.

ಎರಡು ದಿನ ಕಳೆದು, ಮತ್ತೆ ತೆಗೆದ ರಕ್ತದ ರಿಪೋರ್ಟ್ ಬಂತು. ಮತ್ತೆ ಅದೇ ಕ್ರಿಮಿ. ಹೆಡ್ ನರ್ಸ್ ಎಲ್ಲರೆದುರೇ ಅವಳಿಗೆ ಸ್ಟೋರಿನ ದಾರಿ ತೋರಿಸುತ್ತಿದ್ದಾಗ ಮೌನಿ ಏದುಸಿರು ಬಿಡುತ್ತ ಬಂದ.

"ಚಿಕ್ಕಮ್ಮ, ಸೋಂಕು ಸಿಸ್ಟರ್ ಕೈಯಲ್ಲಿಲ್ಲ, ಲೋಷನ್ನಲ್ಲೇ ಇದೆ. ಪರೀಕ್ಷೆ ಮಾಡಿ ನೋಡ್ದೆ. ತೊಳೆಯದ ಬಾಟಲಿಗೆ ಸುರಿದೂ ಸುರಿದೂ ಕ್ರಿಮಿ ಅಲ್ಲೇ ಬೆಳೆದಿದೆ. ಅದನ್ನೇ ತೋಳಿಗೆ ಸವರಿ ಸೂಜಿ ಚುಚ್ಚಿದ್ದಾರೆ."

"ಅಂದ್ರೆ ತಪ್ಪು ನನ್ನದು ಅಂತೀಯೇನೋ?"

"ಹೌದು." ಅವನು ಲೋಷನ್ನಿನ ರಿಪೋರ್ಟನ್ನು ಮುಂದೆ ಹಿಡಿದ.

ಚಿಕ್ಕಮ್ಮ ಬಾಟಲಿ ಎತ್ತಿ ಸಿಂಕಿಗೆ ಸುರಿದರು. "ನೀನು ಇಲ್ಲೇ ಇರಮ್ಮ" ಎಂದಷ್ಟೇ ಹೇಳಿ ಹೊರನಡೆದರು.

ಅವಳು ಸಮಾಧಾನಗೊಂಡಳು ಎಂದುಕೊಂಡಿರಾ? ಮೌನಿಯನ್ನು ಮೆಟ್ಟಿಲ ಬಳಿ ಅಡ್ಡಗಟ್ಟಿದಳು.

"ಅನುಮಾನ ಇದ್ದೂ ಎರಡು ದಿನ ನನ್ನನ್ನ ಅಳಿಸಿದ್ರಲ್ಲ? ನನ್ನ ಮರ್ಯಾದೆ ಏನು ಬಿಟ್ಟಿ ಬಿದ್ದಿದೆಯಾ?"

"ಕ್ರಿಮಿ ಬೆಳೆಯೋಕೆ ಅಷ್ಟು ಸಮಯ ಬೇಕು ಸಿಸ್ಟರ್. ಸಾಕ್ಷಿ ಇಲ್ದೆ ಮಾತಾಡಿದ್ರೆ, ಆ ಹುಡುಗಿ ಮೇಲೆ ಮನಸ್ಸಿದೆ, ಅದಕ್ಕೇ ವಹಿಸ್ಕೊಂಡು ಬರ್ತಾನೆ ಅಂತಿದ್ರು."

"ಯಾರು?"

"ಎಲ್ಲರೂ... ಇಡೀ ಆಸ್ಪತ್ರೆಗೇ ಗೊತ್ತು."

ಅವಳಿಗೆ ಸಂತೋಷಕ್ಕೂ ಮೊದಲು ಬಂದದ್ದು ಸಿಟ್ಟೇ.

"ಇಡೀ ಆಸ್ಪತ್ರೆಗೆ ಗೊತ್ತು, ನನಗೊಬ್ಬಳಿಗೆ ಗೊತ್ತಿಲ್ಲ. ಮೊದಲು ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ?"

"ಭಯ ಆಗ್ತಿತ್ತು."

"ಚಿಕ್ಕಮ್ಮನಿಗೇ ಎದುರು ನಿಂತವರು ನನಗೆ ಹೆದರ್ತೀರಾ?"

"ನಿಮಗೇ ಜಾಸ್ತಿ."

"ಹೆದರ್ಬೇಡಿ. ಕೇಳಿ."

"ನನ್ನ ಮದುವೆ ಆಗ್ತೀರಾ?"

"ಆಗ್ತೀನಿ" ಎಂದಳು ಅವಳು, ಕಣ್ಣು ತುಂಬಿಕೊಂಡು. "ಆದ್ರೆ ಕೋಪ ಇನ್ನೂ ಹೋಗಿಲ್ಲ. ಅದನ್ನ ನಿಮ್ಮ ಮನೆಗೆ ಬಂದ್ಮೇಲೆ, ನಿಧಾನವಾಗಿ ತೀರಿಸ್ಕೋತೀನಿ."